ದುರ್ಗದ ಸೀಮೆಗೆ ಸೈಕಲ್ಲಿನಲ್ಲಿ ಬರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು. ಈ ನಾಲ್ಕೂರನ್ನು ಸೈಕಲ್ಲಿನಲ್ಲಿ ಸುತ್ತಿಬರಲು ಹೊರಟವರು ಇದನ್ನು ಓದಿಕೊಂಡು ಹೊರಡಿ. ಲಾರಿ, ಕಾರುಗಳ ಕಾಟವಿಲ್ಲದ ದಾರಿ ಇಲ್ಲಿ ಬೇಕಾದಷ್ಟಿದೆ. ಆದರೆ ಸೈಕಲ್ಲಿಗೆಂದೇ ಮಾಡಿದ ದಾರಿ ಇಲ್ಲ. ಈ ಎರಡು ಮಾತಿನ ವ್ಯತ್ಯಾಸ ಗೊತ್ತಿಲ್ಲದೆ ಬಂದವರಿಂದಲೇ ತಕರಾರು ಶುರುವಾಗುವುದು.

ಸೈಕಲ್ಲಿಗೆಂದೇ ಬಿಟ್ಟ ದಾರಿ ನೋಡಬೇಕಾದರೆ ಫ್ರಾನ್ಸಿನ ಹಳ್ಳಿಗಾಡಿಗೆ ಹೋಗಬೇಕು. ಬರ್ಗಂಡಿ ಸೀಮೆಯಲ್ಲಿ ಗಿವ್ರಿಯಿಂದ ಕ್ಲೂನಿಯವರೆಗೆ, ರೈಲು ನಿಂತುಹೋದ ಹಳಿಯ ಜಾಗವನ್ನೇ 1990ರ ದಶಕದಲ್ಲಿ ಸೈಕಲ್ ದಾರಿ ಮಾಡಿದರು. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ಕಾಲುವೆ ದಂಡೆಗಳೂ ಹೀಗೆಯೇ ಸೈಕಲ್ಲಿಗೆ ಸಿಕ್ಕವು. 'ವೊಯಿ ವೆರ್ತ್', ಅಂದರೆ ಹಸಿರು ದಾರಿ, ಎಂದು ಹೆಸರಿಟ್ಟು 2004ರಲ್ಲಿ ಅಲ್ಲಿನ ಸಂಚಾರ ನಿಯಮಕ್ಕೂ ಸೇರಿಸಿದರು. ಅಂಥ ದಾರಿಗೆ ಮೋಟಾರು ವಾಹನ ಇಳಿಯುವಂತಿಲ್ಲ. ನಮ್ಮಲ್ಲಿ ಹಳಿಯ ಮೇಲೆ ರೈಲು ಇನ್ನೂ ಓಡುತ್ತಿದೆ, ಕಾಲುವೆಯನ್ನು ಇನ್ನೂ ಅಗೆಯುತ್ತಿದ್ದಾರೆ. ನೀವು ತುಳಿಯುವ ನಿರ್ಜನ ದಾರಿ ಒಬ್ಬರ ತೋಟದ ದಾರಿ, ಇನ್ನೊಬ್ಬರ ಕಣ, ಮತ್ತೊಬ್ಬರ ಕುರಿ ಹಿಂಡಿನ ಜಾಡು, ನೀರಾವರಿ ಇಲಾಖೆಯ ಜೀಪಿನ ದಾರಿ. ಮೊದಲ ಹಕ್ಕು ಅವರದು. ಕೆಳಗಿನ ಮಾತೆಲ್ಲ ಇದರ ಮೇಲೇ ನಿಂತಿದೆ.

ಹೆದ್ದಾರಿಗೆ ಇಳಿಯಬಾರದು

ದುರ್ಗದಿಂದ ಹಿರಿಯೂರಿಗೆ ನಲವತ್ತು ಕಿಲೋಮೀಟರ್ ಚಿಲ್ಲರೆ, ನುಣ್ಣನೆ ರಸ್ತೆ, ಎರಡು ಗಂಟೆಯಲ್ಲಿ ಮುಗಿಸಿಬಿಡೋಣ ಎಂದು ರಾಷ್ಟ್ರೀಯ ಹೆದ್ದಾರಿ 48ರ ಮುಖ್ಯ ಪಥ ಹತ್ತಬೇಡಿ. ಅದು ಬೆಂಗಳೂರು–ಪುಣೆ ರಸ್ತೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಚಾಲಕರು ಬೆಳಗಿನ ಜಾವ ಅದೇ ರಸ್ತೆಯಲ್ಲಿರುತ್ತಾರೆ, ನೀವೂ ಅದೇ ಹೊತ್ತಿಗೆ ಹೊರಟಿರುತ್ತೀರಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೂ ಸೈಕಲ್ಲಿಗೂ ನಿಷೇಧವಿದೆ. ಇಲ್ಲಿ ಬೋರ್ಡ್ ಕಾಣಲಿ ಬಿಡಲಿ, ನಿಷೇಧವಿದೆಯೆಂದೇ ನಡೆದುಕೊಳ್ಳಿ. ಸರ್ವಿಸ್ ರಸ್ತೆ ಹಿಡಿಯಲೇಬೇಕಾಗಿ ಬಂದರೆ ಹಿಡಿಯಿರಿ. ಆದರೆ ಅಲ್ಲಿ ಎದುರಿನಿಂದ, ನಿಮ್ಮದೇ ಬದಿಯಲ್ಲಿ, ಬೈಕು ಟ್ರ್ಯಾಕ್ಟರುಗಳು ಬರುತ್ತವೆ. ಬಂದೇ ಬರುತ್ತವೆ ಎಂದುಕೊಂಡೇ ಓಡಿಸಿ.

ಶಿವಮೊಗ್ಗದ ಕಡೆಯಿಂದ ಹೊಳಲ್ಕೆರೆ ಮೇಲೆ ದುರ್ಗಕ್ಕೆ ಬರುವ ರಸ್ತೆಯೂ ಈಗ ರಾಷ್ಟ್ರೀಯ ಹೆದ್ದಾರಿಯೇ. ಭೀಮಸಮುದ್ರದ ಆಸುಪಾಸಿನಲ್ಲಿ ಕಬ್ಬಿಣದ ಅದಿರಿನ ಲಾರಿಗಳ ಓಡಾಟವಿದೆ. ಕೆಂಪು ಧೂಳು ಕೂತ ಎಲೆ, ಕೆಂಪಾದ ರಸ್ತೆಯಂಚು ಕಂಡರೆ ಅದು ಲಾರಿ ದಾರಿ. ಆ ಕಡೆ ತಿರುಗಬೇಡಿ. ಭೀಮಸಮುದ್ರದ ಕೆರೆ, ಅಡಿಕೆ ತೋಟ ನೋಡುವ ಆಸೆಯಿದ್ದರೆ ಸುತ್ತು ಬಳಸಾದರೂ ಸರಿ, ಹಳ್ಳಿ ದಾರಿಯಲ್ಲೇ ಹೋಗಿ.

ಕಾಲುವೆ ದಂಡೆ

ನಾಲ್ಕು ತಾಲ್ಲೂಕಿನಲ್ಲಿ ಅತಿ ಚಂದದ ದಾರಿ ಇದು. ಅತಿ ಅಪಾಯದ್ದೂ ಇದೇ. ವಾಣಿವಿಲಾಸ ಸಾಗರದಿಂದ ಹಿರಿಯೂರಿನ ಕಡೆಗೆ ಬರುವ ಎಡದಂಡೆ, ಬಲದಂಡೆ ನಾಲೆಗಳ ಮೇಲೆ ತೆಂಗು, ಅಡಿಕೆ, ಬಾಳೆಯ ನೆರಳಿನಲ್ಲಿ ಸಾಗಬಹುದು. ಏರಿಳಿತವೇ ಇಲ್ಲ, ಏಕೆಂದರೆ ನೀರು ಹರಿಯಬೇಕಲ್ಲ. ಆದರೆ ದಂಡೆ ಇರುವುದು ನೀರುಗಂಟಿಯ ಓಡಾಟಕ್ಕೆ, ತೋಟಕ್ಕೆ ಗೊಬ್ಬರ ಹೊಡೆಯುವುದಕ್ಕೆ. ಎದುರಿಗೆ ಟ್ರ್ಯಾಕ್ಟರು ಬಂದರೆ ನೀವು ಇಳಿದು, ಸೈಕಲ್ ಎತ್ತಿಕೊಂಡು, ತೋಟದ ಬದಿಗೆ ಸರಿದು ನಿಲ್ಲಬೇಕು. ನೀರಿನ ಬದಿಗೆ ಸರಿಯಬಾರದು.

ಭದ್ರಾ ಮೇಲ್ದಂಡೆ ಯೋಜನೆಯ ಹೊಸ ಕಾಲುವೆಗಳ ಮಾತು ಬೇರೆ. ಅವು ಅಗಲ, ಆಳ, ಒಳಮೈಗೆ ಇಳಿಜಾರಾಗಿ ಸಿಮೆಂಟು. ಅಂಥ ಕಾಲುವೆಗೆ ಕೈಕಾಲು ತೊಳೆಯಲು, ಬಾಟಲಿ ತುಂಬಲು, ಫೋಟೊ ತೆಗೆಸಿಕೊಳ್ಳಲು ಇಳಿಯಲೇಬಾರದು. ನೀರಿನಂಚಿನ ಸಿಮೆಂಟಿನ ಮೇಲೆ ತೆಳ್ಳಗೆ ಪಾಚಿ ಇರುತ್ತದೆ, ಮೇಲಿಂದ ನೋಡಿದರೆ ಬರೀ ತೇವದಂತೆ ಕಾಣುತ್ತದೆ. ಕಾಲು ಜಾರಿತೆಂದರೆ ಹಿಡಿಯಲು ಕಲ್ಲಿಲ್ಲ, ಬೇರಿಲ್ಲ, ಮೆಟ್ಟಿಲು ಎಲ್ಲೋ ದೂರದಲ್ಲಿ. ಈಜು ಬಂದವರೂ ಆ ಇಳಿಜಾರು ಹತ್ತಿ ಬರಲಾರರು. ಒಬ್ಬ ಬಿದ್ದನೆಂದು ಇನ್ನೊಬ್ಬ ಹಾರಬಾರದು. ಹಗ್ಗ, ಟವೆಲ್, ಪಂಚೆ, ಉದ್ದನೆಯ ಗಳ ಯಾವುದಾದರೂ ಎಸೆಯಿರಿ, ಕೂಗಿ ಜನ ಸೇರಿಸಿ. ಕೆಲಸ ಮುಗಿಯದ ಕಡೆ ದಂಡೆ ಇದ್ದಕ್ಕಿದ್ದಂತೆ ತುಂಡಾಗಿರುತ್ತದೆ, ತಡೆಗೋಡೆಯೂ ಇರುವುದಿಲ್ಲ. ಸಂಜೆಯ ಮೇಲೆ ಅಲ್ಲಿ ಸೈಕಲ್ ಓಡಿಸಬೇಡಿ.

ರಸ್ತೆ ಮೇಲಿನ ಕಣ

ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿ ರಸ್ತೆಗಳಲ್ಲಿ ಸುಗ್ಗಿಯ ದಿನಗಳಲ್ಲಿ ರಾಗಿ, ಸಾವೆ, ನವಣೆ, ಹುರುಳಿ ಎಲ್ಲದರ ಒಕ್ಕಣೆ ಡಾಂಬರಿನ ಮೇಲೇ ನಡೆಯುತ್ತದೆ. ಇದು ಸರಿಯಲ್ಲ ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ, ಉದ್ಯೋಗ ಖಾತ್ರಿಯಲ್ಲಿ ಸಿಮೆಂಟ್ ಕಣ ಮಾಡಿಸಿಕೊಂಡವರೂ ಇದ್ದಾರೆ. ಆದರೂ ನಡೆಯುತ್ತದೆ. ಸಗಣಿ ಸಾರಿಸಿ, ರೋಣಗಲ್ಲು ಹೊಡೆದು ಕಣ ಮಾಡುವಷ್ಟು ಆಳು ಎಷ್ಟು ಮನೆಯಲ್ಲಿದ್ದಾರೆ? ಸರಿತಪ್ಪು ಆಮೇಲೆ ಚರ್ಚಿಸೋಣ. ಸೈಕಲ್ಲಿನವರು ಮಾಡಬೇಕಾದ್ದು ಇಷ್ಟು.

ಹುಲ್ಲು ಹರಡಿದ್ದು ಕಂಡ ಕೂಡಲೇ ಇಳಿಯಿರಿ. ಹುರುಳಿ ಬಳ್ಳಿಯ ಮೇಲೆ ಸೈಕಲ್ ಹತ್ತಿಸಬಾರದು. ಕಾರಿಗೇನೂ ಆಗದು, ನಿಮ್ಮ ಹಿಂಬದಿ ಚಕ್ರಕ್ಕೆ ಆಗುತ್ತದೆ. ಬಳ್ಳಿ ಮೊದಲು ಚೈನಿಗೆ ಸುತ್ತಿಕೊಳ್ಳುತ್ತದೆ, ಅಲ್ಲಿಂದ ಗೇರಿನ ಹಲ್ಲುಗಳ ನಡುವೆ ಸೇರಿ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಜೋರಾಗಿ ಪೆಡಲ್ ತುಳಿದರೆ ಗೇರಿನ ಕೊಂಡಿಯೇ ಮುರಿಯುತ್ತದೆ. ಸುತ್ತಿಕೊಂಡಿತೆಂದರೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒಂದೊಂದೇ ಎಳೆ ಬಿಡಿಸಿ. ರಾಗಿ ಹುಲ್ಲಿನದು ಬೇರೆ ತೊಂದರೆ. ಒಣಗಿದ ಮೇಲೆ ನುಣುಪಾಗಿ ಟೈರು ಜಾರುತ್ತದೆ, ಅದರಲ್ಲೂ ಬೆಳಗಿನ ಇಬ್ಬನಿಯಲ್ಲಿ.

ಕಾಳು ರಾಶಿ ಹಾಕಿದ್ದರೆ ಅದರ ಮೇಲೆ ಹಾಯಬಾರದು. ಅಂಚಿನಲ್ಲಿ ಕಲ್ಲು ಇಟ್ಟಿದ್ದರೆ ಸರಿಸಬಾರದು. ಆ ಕಲ್ಲುಗಳನ್ನು ಒಕ್ಕಣೆ ಮುಗಿದ ಮೇಲೂ ಕೆಲವರು ಎತ್ತಿಡುವುದಿಲ್ಲ. ಕತ್ತಲಲ್ಲಿ ಸೈಕಲ್ಲಿನವರನ್ನು ಕೆಡವುವುದು ಹೆಚ್ಚಾಗಿ ಅವೇ. ಹಾಗೆ ಬಿಟ್ಟುಹೋದ ಕಲ್ಲು ಕಂಡರೆ ಮಾತ್ರ ಇಳಿದು ಬದಿಗೆ ಹಾಕಿ ಮುಂದೆ ಹೋಗಿ. ರಾಶಿಯ ಹತ್ತಿರ ಅವ್ವಂದಿರು ಕೇರುತ್ತಿದ್ದರೆ ಫೋನ್ ಎತ್ತಿ ಫೋಟೊ ಹೊಡೆಯಬೇಡಿ. ತೂರುವ ಗಾಳಿ ಯಾವ ಕಡೆಯಿದೆ ನೋಡಿ, ಹೊಟ್ಟು ಹಾರುವ ಬದಿ ಬಿಟ್ಟು ಇನ್ನೊಂದು ಬದಿಯಲ್ಲಿ ನಡೆಯಿರಿ.

ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆಯ ಕಾಲದಲ್ಲಿ ಮಾತು ಇನ್ನೂ ಬಿಗಿ. ತೋಟದೊಳಗೆ ನೆರಳು ಚೆನ್ನಾಗಿದೆಯೆಂದು ಹೇಳದೆ ಕೇಳದೆ ನುಗ್ಗಬಾರದು. ಕಳ್ಳರ ಕಾಟದಿಂದ ರಾತ್ರಿ ಕಾವಲಿರುತ್ತಾರೆ. ತಲೆಗೆ ದೀಪ ಕಟ್ಟಿಕೊಂಡು ಸದ್ದಿಲ್ಲದೆ ಬರುವ ಅಪರಿಚಿತರನ್ನು ಅವರು ಏನೆಂದು ತಿಳಿಯಬೇಕು? ಬೇಯಿಸಿದ ಅಡಿಕೆ ಹರಡಿದ ಅಂಗಳಕ್ಕೆ ಸೈಕಲ್ ಹತ್ತಿಸುವುದಂತೂ ಬೇಡವೇ ಬೇಡ.

ಕುರಿ, ನಾಯಿ, ಶಾಲೆ ಮಕ್ಕಳು

ಕುರಿ ಹಿಂಡು ಬಂದರೆ ನಿಲ್ಲಿ. ಬೆಲ್ ಹೊಡೆಯಬೇಡಿ, ನಡುವೆ ತೂರಬೇಡಿ. ಒಂದು ಕುರಿ ಬೆದರಿದರೆ ಇಡೀ ಹಿಂಡು ಪಕ್ಕದ ಹೊಲಕ್ಕೆ ನುಗ್ಗುತ್ತದೆ, ಬೈಗುಳ ತಿನ್ನುವವನು ಕುರಿಗಾಹಿ. ಹಿಂಡಿನ ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬಾರದು. ಇಳಿಯಿರಿ, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಡೆಯಿರಿ. ಓಡುವ ಚಕ್ರ ಕಂಡರೆ ಅದಕ್ಕೆ ಸಿಟ್ಟು, ನಡೆಯುವ ಮನುಷ್ಯ ಕಂಡರೆ ಅಷ್ಟಿಲ್ಲ.

ಗೊಲ್ಲರಹಟ್ಟಿಗಳ ಮೂಲಕ ಹಾಯುವಾಗ ಇಳಿದು ನಡೆಯಿರಿ. ಗುಡಿಯ ಅಂಗಳದಲ್ಲಿ ಬೂಟು ಹಾಕಿಕೊಂಡು ಹೆಜ್ಜೆ ಇಡಬಾರದು. ಎಲ್ಲಿಯವರೆಗೆ ಬರಬಹುದು ಎಂದು ಅಲ್ಲಿ ಕೂತ ಹಿರಿಯರನ್ನು ಕೇಳಿದರೆ ಅವರೇ ಹೇಳುತ್ತಾರೆ.

2006–07ರಿಂದ ಹಲವು ವರ್ಷ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿತು. ಈ ರಸ್ತೆಗಳ ಕಾಯಂ ಸವಾರರು ಶಾಲೆ ಮಕ್ಕಳು, ನೀವಲ್ಲ. ಬೆಳಿಗ್ಗೆ ಶಾಲೆ ಹೊತ್ತಿಗೆ ಮೂರು ಮೂರು ಸೈಕಲ್ ಸಾಲಾಗಿ, ಮಾತಾಡುತ್ತ, ರಸ್ತೆ ತುಂಬ ಬರುತ್ತಾರೆ. ಅವರ ಜೊತೆ ಪಂದ್ಯ ಕಟ್ಟಬೇಡಿ. ನಿಮ್ಮ ಹೆಲ್ಮೆಟ್, ಗೇರು ನೋಡಿ ಅವರೇ ಪಂದ್ಯಕ್ಕೆ ಬಂದರೂ ನಿಧಾನಿಸಿ, ಬಿಟ್ಟುಕೊಡಿ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ 'ಬ್ರೆವೆ' ಸವಾರಿಯೊಂದಿದೆ, ಅದೂ ಫ್ರಾನ್ಸಿನಿಂದಲೇ ಬಂದದ್ದು. ಅದರ ತಾಲೀಮಿಗೆ ಬೇರೆ ರಸ್ತೆ ನೋಡಿಕೊಳ್ಳಿ.

ಗಾಳಿ, ಮುಳ್ಳು, ಎರೆ

ದುರ್ಗದಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ಗುಡ್ಡದ ಸಾಲಿನ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಊರವರ ಬಾಯಲ್ಲಿ ಅದು ಫ್ಯಾನು. ಸೈಕಲ್ಲಿನವರಿಗೆ ಇದಕ್ಕಿಂತ ಒಳ್ಳೆಯ ಸೂಚನಾ ಫಲಕ ಬೇರಿಲ್ಲ: ಫ್ಯಾನಿನ ರೆಕ್ಕೆ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಗಾಳಿ ಬರುತ್ತಿರುವುದು ಅಲ್ಲಿಂದ. ಜೂನ್‌ನಿಂದ ಆಗಸ್ಟ್‌ವರೆಗೆ, ಅದರಲ್ಲೂ ಆಷಾಢದಲ್ಲಿ, ಪಡುವಣ ಗಾಳಿ ಬೀಸುತ್ತದೆ, ಹೊತ್ತೇರಿದಂತೆ ಜೋರಾಗುತ್ತದೆ. ಆ ದಿನಗಳಲ್ಲಿ ದುರ್ಗದಿಂದ ಹೊಳಲ್ಕೆರೆಯತ್ತ ಬೆಳಿಗ್ಗೆಯೇ ಹೊರಟು ಎದುರುಗಾಳಿಯ ಪಾಲನ್ನು ಮುಗಿಸಿಬಿಡಿ. ಅಲ್ಲಿಂದ ದಕ್ಷಿಣಕ್ಕೆ ಹೊಸದುರ್ಗ. ಹೊಸದುರ್ಗದಿಂದ ಹಿರಿಯೂರಿನ ಕಡೆಗೆ ಗಾಳಿಯೇ ಬೆನ್ನು ತಳ್ಳುತ್ತದೆ. ತಿರುಗಾಮುರುಗಾ ಸುತ್ತಿದವರು ಮಧ್ಯಾಹ್ನದ ಗಾಳಿಗೆ ಎದೆ ಕೊಟ್ಟು ಬವಣೆ ಪಡುತ್ತಾರೆ. ಫ್ಯಾನಿನ ಬುಡಕ್ಕೆ ಹೋಗುವ ಗುಡ್ಡದ ದಾರಿ ಖಾಲಿಯಿದೆಯೆಂದು ಹತ್ತಬೇಡಿ. ಕೆಲವು ಕಂಪನಿಯವು, ಕೆಲವು ಅರಣ್ಯದವು. ಕಾವಲುಗಾರ ಬೇಡವೆಂದರೆ ವಾದಿಸದೆ ತಿರುಗಿ ಬನ್ನಿ.

ಪಂಕ್ಚರ್ ಆಗುತ್ತದೆ. ಆಗಬಹುದು ಎಂದಲ್ಲ, ಆಗುತ್ತದೆ. ಬೇಲಿಗೆ ಕಡಿದು ಹಾಕಿದ ಬಳ್ಳಾರಿ ಜಾಲಿಯ ಮುಳ್ಳು ದಪ್ಪ ಟೈರನ್ನೂ ದಾಟುತ್ತದೆ. ನೆಲಕ್ಕಂಟಿದ ಹಳದಿ ಹೂವಿನ ನೆಗ್ಗಿಲು ಇನ್ನೂ ಮೋಸದ್ದು: ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ರಸ್ತೆಯಂಚಿಗೆ ಸೈಕಲ್ ಮಲಗಿಸಬೇಡಿ, ಎತ್ತಿ ನಿಲ್ಲಿಸಿ. ಎರಡು ಟ್ಯೂಬು, ಪ್ಯಾಚು, ಸಲ್ಯೂಷನ್, ಕೈಪಂಪು ಇರಲೇಬೇಕು. ಮುಳ್ಳು ಟೈರಿನಲ್ಲೇ ಉಳಿದಿದೆಯೇ ಎಂದು ಒಳಮೈಯನ್ನು ಬೆರಳಿನಿಂದ ಸುತ್ತ ಸವರಿ ನೋಡದೆ ಹೊಸ ಟ್ಯೂಬ್ ಹಾಕಬೇಡಿ. ದುಬಾರಿ ಸೈಕಲ್ಲಿನವರಿಗೆ ಇನ್ನೊಂದು ಮಾತು: ನಿಮ್ಮ ಟ್ಯೂಬಿನ ಸಪೂರ ಪ್ರೆಸ್ಟಾ ವಾಲ್ವಿಗೆ ಹಳ್ಳಿಯ ಪಂಕ್ಚರ್ ಶಾಪಿನ ಗಾಳಿ ಪೈಪು ಕೂರುವುದಿಲ್ಲ. ಬೈಕಿನ ವಾಲ್ವಿನ ಅಳತೆಗೆ ತರುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ಜೇಬಿನಲ್ಲಿಟ್ಟುಕೊಳ್ಳಿ. ಅದಿಲ್ಲದೆ ಬಂದು ಶಾಪಿನವನ ಮೇಲೆ ರೇಗಬೇಡಿ.

ಹಿರಿಯೂರು ತಾಲ್ಲೂಕಿನ ಎರೆ ನೆಲದಲ್ಲಿ ಮಳೆ ಬಂದ ಮರುದಿನ ಮಣ್ಣುದಾರಿಗೆ ಇಳಿಯಬಾರದು. ನಾಲ್ಕು ಸುತ್ತು ಚಕ್ರ ತಿರುಗುವುದರೊಳಗೆ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರ ನಿಂತುಬಿಡುತ್ತದೆ. ತಳ್ಳಲೂ ಆಗದು, ಹೊರಲು ಭಾರ. ಹೊಳಲ್ಕೆರೆ, ಹೊಸದುರ್ಗದ ಕೆಂಪು ಮಸಾರಿಯಲ್ಲಿ ಅಷ್ಟು ಕಷ್ಟವಿಲ್ಲ.

ದಾರಿ ಕೇಳುವ ರೀತಿ

ಫೋನಿನ ಮ್ಯಾಪ್ ಒಂದನ್ನೇ ನಂಬಬೇಡಿ. ಕೇಳಿ. ಆದರೆ "ಈ ದಾರಿ ಹೊಸದುರ್ಗಕ್ಕೆ ಹೋಗುತ್ತಲ್ವಾ?" ಎಂದು ಕೇಳಬಾರದು. ದೂರದಿಂದ ಬಂದವರಿಗೆ ಇಲ್ಲ ಅನ್ನಲು ಮನಸ್ಸಾಗದೆ "ಹ್ಞೂ, ಹೋಗ್ತದೆ" ಎನ್ನುತ್ತಾರೆ. ಎಲ್ಲ ದಾರಿಯೂ ಹೇಗೋ ಹೊಸದುರ್ಗಕ್ಕೆ ಹೋಗಿಯೇ ಹೋಗುತ್ತದೆ, ಅದು ಸುಳ್ಳೂ ಅಲ್ಲ. "ಯಜಮಾನ್ರೇ, ಈ ದಾರಿ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿ. ಮುಂದಿನ ಹಳ್ಳಿಯ ಹೆಸರು ಬರುತ್ತದೆ, ಅದನ್ನು ಮ್ಯಾಪಿನಲ್ಲಿ ನೋಡಿಕೊಳ್ಳಿ. ದಾರಿ ಚೆನ್ನಾಗಿದೆಯಾ ಎಂದು ಕೇಳುವುದೂ ವ್ಯರ್ಥ. "ಟಿವಿಎಸ್ ಹೋಗ್ತದಾ ಅಣ್ಣಾ?" ಎನ್ನಿ. ಮೇವಿನ ಹೊರೆ ಹೊತ್ತ ಟಿವಿಎಸ್ ಹೋಗುವ ಕಡೆ ಸೈಕಲ್ ಹೋಗುತ್ತದೆ. "ನೋಡ್ಕಂಡು ಹೋಗ್ಬೇಕು" ಎಂದರೆ ಅರ್ಧ ದಾರಿ ತಳ್ಳಬೇಕು ಎಂದು ಲೆಕ್ಕ ಹಾಕಿ.

ಮಾರಿಕಣಿವೆಯ ಹಿನ್ನೀರು

ಮ್ಯಾಪ್ ಪೂರ್ತಿ ಕೈಕೊಡುವುದು ಇಲ್ಲಿ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಅಣೆಕಟ್ಟೆಯ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಷ್ಟು ಕಾಲ ನೀರು ಮೇಲೇರದಿದ್ದರೆ ಹಿನ್ನೀರಿನಂಚಿನಲ್ಲಿ ಬಂಡಿದಾರಿ ಹುಟ್ಟದೆ ಇರುತ್ತದೆಯೇ, ಬೆಳೆ ಇಡದೆ ಇರುತ್ತಾರೆಯೇ? ಭದ್ರೆಯ ನೀರು ವೇದಾವತಿಗೆ ಬರತೊಡಗಿದ ಮೇಲೆ ಲೆಕ್ಕವೇ ಬದಲಾಯಿತು. ಆದ್ದರಿಂದ ಹೊಸದುರ್ಗದ ಕಡೆಯ ಹಿನ್ನೀರಿನ ಹಳ್ಳಿಗಳಲ್ಲಿ, ಮ್ಯಾಪಿನಲ್ಲಿ ದಾರಿ ಇದೆಯೆಂದು ನೀರಿಗಿಳಿಯಬೇಡಿ. ಮೊಣಕಾಲುದ್ದ ಎಂದು ಕಂಡದ್ದು ಮುಂದೆ ಹಳೆಯ ಹಳ್ಳವಾಗಿರಬಹುದು. ನೀರು ಹಿಂದೆ ಸರಿದ ಕಡೆಯ ಒಣಗಿದ ಮಣ್ಣಿನ ಮೇಲೂ ಓಡಿಸಬಾರದು. ಮೇಲೆ ಬಿರುಕು, ಒಳಗೆ ಕೆಸರು.

ಅಣೆಕಟ್ಟೆಯ ಮೇಲೆ ಸೈಕಲ್ ಬಿಡುವುದು ಬಿಡದಿರುವುದು ಕಾವಲಿನವರ ಮಾತು. ಡ್ರೋನ್ ಹಾರಿಸಬಾರದು. ಕಣಿವೆ ಮಾರಮ್ಮನ ಗುಡಿಯ ಹತ್ತಿರ ಮಂಗಳವಾರ, ಶುಕ್ರವಾರ ಜನಸಂದಣಿ ಇದ್ದರೆ ಇಳಿದು ತಳ್ಳಿಕೊಂಡು ಹೋಗಿ.

ಕೋಟೆ, ಕಾಡು

ದುರ್ಗದ ಕೋಟೆಯೊಳಗೆ ಸೈಕಲ್ ಒಯ್ಯಬಾರದು. ಬಾಗಿಲ ಕಲ್ಲಿಗೆ, ಕಂಬಕ್ಕೆ ಚೈನು ಬಿಗಿದು ಬೀಗ ಹಾಕುವುದೂ ಕೂಡದು. ಚಂದ್ರವಳ್ಳಿಗೂ ಇದೇ ಮಾತು. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆದು ನೋಡಿದ ನೆಲವದು. ಬಂಡೆಗೆ ಸೈಕಲ್ ಒರಗಿಸಿ ಫೋಟೊ ಬೇಡ.

ದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡ ಅರಣ್ಯ ಇಲಾಖೆಯ ಕೈಯಲ್ಲಿದೆ. ಗೇಟಿನಲ್ಲಿ ಅನುಮತಿ ಪಡೆಯದೆ ಹತ್ತುವಂತಿಲ್ಲ. ಇಳಿಯುವಾಗ ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಿರಿ, ಒಂದೇ ಸಮನೆ ಹಿಡಿದರೆ ಕಾದು ಕೈಕೊಡುತ್ತದೆ. ಈ ಗುಡ್ಡಗಳಲ್ಲಿ ಚಿರತೆಯೂ ಇದೆ, ಕರಡಿಯೂ ಇದೆ. ಭಯಪಡಬೇಕಾದದ್ದು ಕರಡಿಗೆ. ಕಣ್ಣು ಮಂದ, ಸದ್ದಿಲ್ಲದ ಸೈಕಲ್ಲು ತಿರುವಿನಲ್ಲಿ ಎದುರಾದರೆ ಅದು ಗಾಬರಿಯಲ್ಲೇ ಮೇಲೆ ಬೀಳುತ್ತದೆ. ಬೆಳಕು ಹರಿದ ಮೇಲೆ ಹೊರಡಿ, ಹೊತ್ತು ಮುಳುಗುವ ಮೊದಲೇ ಊರು ಸೇರಿ. ಗುಡ್ಡದ ಸೆರಗಿನಲ್ಲಿ ಮಾತಾಡುತ್ತ, ತಿರುವಿನಲ್ಲಿ ಬೆಲ್ ಹೊಡೆಯುತ್ತ ಹೋಗಿ. ಬೆಲ್ ಹೊಡೆಯಿರಿ ಎಂದು ಈ ಪ್ರಕಟಣೆ ಹೇಳುವುದು ಇದೊಂದೇ ಕಡೆ.

ನೀರು, ಊಟ

ಈ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಇದೆ. ಕಂಡ ಕಂಡ ನಲ್ಲಿಗೆ ಬಾಟಲಿ ಹಿಡಿಯಬೇಡಿ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ಕೈಯಲ್ಲಿ ಚಿಲ್ಲರೆ ನಾಣ್ಯ ಇರಲಿ. ನಾಣ್ಯ ಹಾಕಿದರೆ ಬಹಳ ಕಡೆ ಒಂದು ಕ್ಯಾನಿನಷ್ಟು ನೀರು ಒಮ್ಮೆಗೇ ಸುರಿಯುತ್ತದೆ. ನಿಮ್ಮ ಎರಡು ಬಾಟಲಿ ತುಂಬಿ ಉಳಿದದ್ದು ಚರಂಡಿಗೆ ಹೋಗಬಾರದು. ಕ್ಯಾನ್ ಹಿಡಿದು ಬಂದವರು ಯಾರಾದರೂ ಇದ್ದೇ ಇರುತ್ತಾರೆ. "ಅಕ್ಕಾ, ನಿಮ್ಮ ಕ್ಯಾನ್ ಇಡಿ, ನಾಣ್ಯ ನಾನು ಹಾಕ್ತೀನಿ" ಎಂದು ಹೇಳಿ, ಮೊದಲು ಬಾಟಲಿ ಹಿಡಿದು ಆಮೇಲೆ ಕ್ಯಾನಿಗೆ ಬಿಡಿ. ಬೇಸಿಗೆಯಲ್ಲಿ, ಮಾರ್ಚ್‌ನಿಂದ ಮೇವರೆಗೆ, ಹನ್ನೊಂದರಿಂದ ನಾಲ್ಕರ ನಡುವೆ ಸೈಕಲ್ ಓಡಿಸಲೇಬಾರದು.

ಚಿಕ್ಕ ಊರುಗಳಲ್ಲಿ ಊಟ ಎರಡು ಗಂಟೆಗೆ ಖಾಲಿ. ಆಮೇಲೆ ಮಂಡಕ್ಕಿ, ಮೆಣಸಿನಕಾಯಿ, ಚಹಾ. ಮುದ್ದೆ ಉಂಡು ಕೂಡಲೇ ಎದುರುಗಾಳಿಗೆ ಹೊರಡುವ ಸಾಹಸ ಬೇಡ.

ಮರಳುವಾಗ

ಕಾಲು ಸೋತರೆ ಹೆದ್ದಾರಿಗೆ ಬಂದು ಲಾರಿಗೆ ಕೈ ಅಡ್ಡ ಹಿಡಿಯಬೇಡಿ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದ ಚಿಕ್ಕಜಾಜೂರು ಜಂಕ್ಷನ್ ಹೊಳಲ್ಕೆರೆ ತಾಲ್ಲೂಕಿನಲ್ಲೇ ಇದೆ, ಹೊಸದುರ್ಗ ರೋಡ್ ನಿಲ್ದಾಣವೂ ಅದೇ ಮಾರ್ಗದಲ್ಲಿದೆ. ಹೊಸದುರ್ಗ ರೋಡ್ ಎಂದರೆ ಹೊಸದುರ್ಗವಲ್ಲ. ಊರಿನಿಂದ ಅಲ್ಲಿಗೆ ಮತ್ತೆ ಸೈಕಲ್ ತುಳಿಯಬೇಕು, ಅದಕ್ಕೆ ಹೊತ್ತು ಉಳಿಸಿಕೊಳ್ಳಿ. ಸೈಕಲ್ಲನ್ನು ಲಗೇಜ್ ಎಂದು ಬುಕ್ ಮಾಡಿಸದೆ ಬೋಗಿಗೆ ತುರುಕಬಾರದು. ಬುಕಿಂಗ್ ಆ ನಿಲ್ದಾಣದಲ್ಲಿ ಆಗುತ್ತದೆಯೇ, ರೈಲು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಹಿಂದಿನ ದಿನವೇ ವಿಚಾರಿಸಿ. ಬಸ್ಸಾದರೆ ಮೇಲೆ ಕ್ಯಾರಿಯರ್, ಹಿಂದೆ ಏಣಿ ಇರುವ ಬಸ್ಸಿಗೇ ಕಾಯಿರಿ. ಕಂಡಕ್ಟರ್ ಒಪ್ಪಿದ ಮೇಲೆ ಸೈಕಲ್ ನೀವೇ ಹತ್ತಿಸಿ, ನೀವೇ ಕಟ್ಟಿ, ಲಗೇಜ್ ಟಿಕೆಟ್ ಕೇಳಿ ಪಡೆಯಿರಿ.

ಪೆಟ್ಟಾದರೆ 108, ಬೇರೆ ಯಾವ ತುರ್ತಿಗೂ 112. ಫೋನ್ ಹಚ್ಚಿದಾಗ "ಕಾಲುವೆ ಹತ್ತಿರ ಇದ್ದೇವೆ" ಎಂದರೆ ಯಾರಿಗೂ ಗೊತ್ತಾಗದು. ಹಿಂದೆ ದಾಟಿ ಬಂದ ಹಳ್ಳಿಯ ಹೆಸರು, ತಾಲ್ಲೂಕಿನ ಹೆಸರು ಹೇಳಿ. ಹತ್ತಿರ ಯಾರಾದರೂ ಊರಿನವರಿದ್ದರೆ ಫೋನನ್ನು ಅವರ ಕೈಗೇ ಕೊಟ್ಟುಬಿಡಿ.